ಮರಳುವ ದಾರಿಯಲ್ಲಿ ಸಿಂಗಪುರದ ಒಂದು ಹಗಲು

ಹೊರದೇಶದಲ್ಲಿರುವ ಮಕ್ಕಳ ಮನೆಯಿಂದ ಊರಿಗೆ ಮರಳುವ ಹಿರಿಯರನ್ನು ದಾರಿಯ ನಡುವಿನ ನಗರವೊಂದರಲ್ಲಿ ಇಳಿಸಿಕೊಂಡು, ಒಂದಿಷ್ಟು ಸುತ್ತಾಡಿಸಿ ಕರೆತರಬೇಕೆಂಬ ಆಸೆಯನ್ನು ತೋಡಿಕೊಂಡ ಪತ್ರಗಳು ಈ ಸಲ ಹೆಚ್ಚಾಗಿ ಬಂದಿವೆ. ಅವುಗಳಲ್ಲಿ ಸಿಂಗಪುರದ ಮೂಲಕ ಬರುವವರ ಪತ್ರಗಳನ್ನು ಆಯ್ದುಕೊಂಡಿದ್ದೇವೆ. ಮೊದಲ ಪತ್ರದಲ್ಲಿ ಕೇಳಿರುವುದು ಬಹುಮಂದಿಯ ಪ್ರಶ್ನೆಯೇ ಆಗಿರುವುದರಿಂದ ಅದರ ಉತ್ತರ ದೀರ್ಘವಾಗಿದೆ.

ಪ್ರಶ್ನೆ: ಮಾನ್ಯರೇ, ಮೆಲ್ಬರ್ನ್‌ನ ನಮ್ಮ ಮನೆಗೆ ಬಂದಿದ್ದ ತಂದೆ ತಾಯಿಯನ್ನು ಊರಿಗೆ ಬಿಡಲು ನಾನೂ ಅವರೊಂದಿಗೆ ಹೊರಟಿದ್ದೇನೆ. ರಾತ್ರಿ ಒಂಬತ್ತೂವರೆಗೆ ಸಿಂಗಪುರದಲ್ಲಿ ಇಳಿದು, ಮರುದಿನ ರಾತ್ರಿ ಎಂಟು ಗಂಟೆಯ ವಿಮಾನದಲ್ಲಿ ಬೆಂಗಳೂರಿಗೆ ಹೊರಡಬೇಕು. ತಂದೆಯವರು ಪುತ್ತೂರಿನ ಕಡೆಯ ಕೃಷಿಕರು, ಅಡಿಕೆಯ ಜೊತೆಗೆ ರಬ್ಬರ್ ಬೆಳೆಯುತ್ತಾರೆ. ತಾಯಿಗೆ ಹೂವಿನ ಗಿಡಗಳೆಂದರೆ ಪ್ರಾಣ, ಆದರೆ ಮಂಡಿನೋವು ಇದೆ. ಯೂನಿವರ್ಸಲ್ ಸ್ಟುಡಿಯೋಸ್, ಸೆಂಟೋಸಾ, ಮರ್ಲಯನ್, ಮರೀನಾ ಬೇ, ಲಿಟ್ಲ್ ಇಂಡಿಯಾ ಇಷ್ಟನ್ನೂ ಒಂದೇ ಹಗಲಿನಲ್ಲಿ ತೋರಿಸಲು ಸಾಧ್ಯವೇ? ವೀಸಾ ಬೇಕೇ?

ಉತ್ತರ: ವೀಸಾದಿಂದಲೇ ಆರಂಭಿಸೋಣ, ಏಕೆಂದರೆ ಅದು ಸರಿಯಾಗದಿದ್ದರೆ ಉಳಿದ ಮಾತಿಗೆ ಅರ್ಥವಿಲ್ಲ. ಭಾರತದ ಪಾಸ್‌ಪೋರ್ಟ್ ಉಳ್ಳವರು ಸಿಂಗಪುರದ ವಿಮಾನ ನಿಲ್ದಾಣದಿಂದ ಹೊರಗೆ ಕಾಲಿಡಬೇಕಾದರೆ ಸಾಮಾನ್ಯವಾಗಿ ಮುಂಚಿತವಾಗಿ ವೀಸಾ ಪಡೆದಿರಬೇಕು. ಆದರೆ ಆಸ್ಟ್ರೇಲಿಯಾ, ಕೆನಡಾ, ಜರ್ಮನಿ, ಜಪಾನ್, ನ್ಯೂಜಿಲೆಂಡ್, ಸ್ವಿಟ್ಜರ್ಲೆಂಡ್, ಬ್ರಿಟನ್ ಅಥವಾ ಅಮೆರಿಕದ ಚಾಲ್ತಿಯಲ್ಲಿರುವ ವೀಸಾ ಇಲ್ಲವೇ ದೀರ್ಘಾವಧಿಯ ವಾಸದ ಪರವಾನಗಿ ಹೊಂದಿ, ಮುಂದಿನ ಪ್ರಯಾಣದ ಟಿಕೆಟ್ ಕೈಯಲ್ಲಿಟ್ಟುಕೊಂಡು ಹಾದುಹೋಗುವ ಭಾರತೀಯರಿಗೆ 96 ಗಂಟೆಗಳವರೆಗೆ ವೀಸಾ ಇಲ್ಲದೆಯೇ ಒಳಬರುವ ಸೌಲಭ್ಯವಿದೆ. ಇಲ್ಲಿ ಮನೆಯ ಹಿರಿಯರು ಸಿಕ್ಕಿಕೊಳ್ಳುವ ಒಂದು ಷರತ್ತಿದೆ: ಆ ವೀಸಾ, ಸಿಂಗಪುರಕ್ಕೆ ಕಾಲಿಡುವ ದಿನದಿಂದ ಮುಂದೆ ಕನಿಷ್ಠ ಒಂದು ತಿಂಗಳು ಚಾಲ್ತಿಯಲ್ಲಿರಬೇಕು. ಮೊಮ್ಮಕ್ಕಳೊಡನೆ ಇನ್ನೆರಡು ದಿನ ಇರೋಣವೆಂದು ವೀಸಾ ಮುಗಿಯುವ ವಾರದವರೆಗೂ ಉಳಿದು ಹೊರಡುವ ತಂದೆ ತಾಯಿಗೆ, ಮಗಳ ಪರವಾನಗಿ ವರ್ಷಗಟ್ಟಲೆ ಇದ್ದರೂ, ಈ ಸೌಲಭ್ಯ ಸಿಗದೆ ಹೋಗಬಹುದು. ಒಂದೇ ಸಲದ ಪ್ರವೇಶಕ್ಕೆ ಕೊಟ್ಟ ವೀಸಾಗಳಿಗೆ ಬೇರೆ ನಿಯಮವಿರುವುದರಿಂದ, ಟಿಕೆಟ್ ಕೊಳ್ಳುವ ಮುನ್ನವೇ ಸಿಂಗಪುರದ ವಲಸೆ ಪ್ರಾಧಿಕಾರದ ಜಾಲತಾಣವನ್ನು ಓದಿ, ವಿಮಾನ ಸಂಸ್ಥೆಯಲ್ಲಿಯೂ ವಿಚಾರಿಸಿಕೊಳ್ಳಿರಿ. ಸ್ವಲ್ಪ ಅನುಮಾನ ಉಳಿದರೂ ಅಧಿಕೃತ ಏಜೆಂಟರ ಮೂಲಕ ಸಿಂಗಪುರದ ವೀಸಾವನ್ನೇ ಮಾಡಿಸಿಬಿಡುವುದು ಒಳ್ಳೆಯದು. ಒಳಗೆ ಬಿಡುವ ಬಿಡದಿರುವ ಕೊನೆಯ ತೀರ್ಮಾನ ಅಲ್ಲಿನ ಅಧಿಕಾರಿಯದೇ.

ಆಸ್ಟ್ರೇಲಿಯಾದ ವೀಸಾ ಈಗ ಪಾಸ್‌ಪೋರ್ಟಿನ ಮೇಲೆ ಅಂಟಿಸುವ ಚೀಟಿಯಾಗಿ ಬರುವುದಿಲ್ಲ, ಗಣಕದ ದಾಖಲೆಯಾಗಿ ಮಾತ್ರ ಇರುತ್ತದೆ. ಆದ್ದರಿಂದ ವೀಸಾ ಮಂಜೂರಾದ ಪತ್ರವನ್ನು ಮುದ್ರಿಸಿ, ತಂದೆಯದು ತಂದೆಯ ಪಾಸ್‌ಪೋರ್ಟಿನಲ್ಲಿ, ತಾಯಿಯದು ತಾಯಿಯ ಪಾಸ್‌ಪೋರ್ಟಿನಲ್ಲಿ ಇಡಿರಿ. ಸಿಂಗಪುರದ ಆಗಮನ ಪತ್ರವನ್ನು, ಇಳಿಯುವ ದಿನವೂ ಸೇರಿದಂತೆ ಮೂರು ದಿನಗಳೊಳಗೆ, ಆನ್‌ಲೈನ್‌ನಲ್ಲಿ ತುಂಬಬೇಕು. ಅದಕ್ಕೆ ಶುಲ್ಕವಿಲ್ಲ. ಹಣ ಕೇಳುವ ತಾಣ ಕಂಡರೆ ಅದು ಸರ್ಕಾರದ್ದಲ್ಲವೆಂದು ತಿಳಿದು ಹೊರಬನ್ನಿರಿ. ಅಲ್ಲಿ ಈಗ ಪಾಸ್‌ಪೋರ್ಟಿಗೆ ಮುದ್ರೆ ಒತ್ತುವುದಿಲ್ಲ, ಎಷ್ಟು ದಿನ ಇರಬಹುದೆಂಬ ಅನುಮತಿ ಮಿಂಚಂಚೆಯಲ್ಲಿ ಬರುತ್ತದೆ. ಆದ್ದರಿಂದ ತಂದೆ ತಾಯಿಯ ಪತ್ರದಲ್ಲಿಯೂ ನೀವು ತೆರೆದು ನೋಡಬಲ್ಲ ವಿಳಾಸವನ್ನೇ ಕೊಡುವುದು ಕ್ಷೇಮ.

ಇನ್ನು ನಿಮ್ಮ ಪಟ್ಟಿಯ ವಿಚಾರ. ಇಪ್ಪತ್ತೆರಡೂವರೆ ಗಂಟೆ ಎಂಬುದು ಕೇಳಲು ದೊಡ್ಡದು, ಆದರೆ ಅದರಲ್ಲಿ ನಗರಕ್ಕೆ ಸಿಗುವ ಪಾಲು ಚಿಕ್ಕದು. ವಿಮಾನದಿಂದ ಇಳಿದು, ತಪಾಸಣೆ ಮುಗಿಸಿ, ಕೊಠಡಿ ಸೇರುವಷ್ಟರಲ್ಲಿ ರಾತ್ರಿ ಹನ್ನೊಂದಾಗುತ್ತದೆ. ಮರುದಿನ ಎಂಟರ ವಿಮಾನಕ್ಕೆ ಸಂಜೆ ಐದರೊಳಗೆ ನಿಲ್ದಾಣದಲ್ಲಿರಬೇಕು, ಅಂದರೆ ಮೂರೂವರೆ ನಾಲ್ಕಕ್ಕೆ ನಗರವನ್ನು ಬಿಡಬೇಕು. ಉಳಿದದ್ದು ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಮೂರರವರೆಗಿನ ಎಂಟು ಗಂಟೆ, ಅದರಲ್ಲಿಯೂ ಊಟ ಮತ್ತು ಓಡಾಟವನ್ನು ಕಳೆಯಬೇಕು. ಹೀಗೆ ಹೊರಡುವ ಹೊತ್ತಿನಿಂದ ಹಿಂದಕ್ಕೆ ಲೆಕ್ಕ ಹಾಕಿದಾಗ ಯೂನಿವರ್ಸಲ್ ಸ್ಟುಡಿಯೋಸ್ ಮತ್ತು ಸೆಂಟೋಸಾ ತಾವಾಗಿಯೇ ಬಿಟ್ಟುಹೋಗುತ್ತವೆ, ಅವು ಪೂರ್ತಿ ದಿನ ಕೇಳುವ ಜಾಗಗಳು. ಮರೀನಾ ಬೇಯನ್ನೂ ಈ ಸಲಕ್ಕೆ ಬಿಡಿ ಎಂದೇ ನಾನು ಹೇಳುತ್ತೇನೆ. ಅದರ ಸೊಗಸು ದೀಪ ಹೊತ್ತಿದ ಮೇಲೆ. ಅಲ್ಲಿನ ಉದ್ಯಾನದಲ್ಲಿ ನಿಂತಿರುವ, 25ರಿಂದ 50 ಮೀಟರ್ ಎತ್ತರದ ಕೃತಕ ಮರಗಳ ಬೆಳಕಿನ ಪ್ರದರ್ಶನ ರಾತ್ರಿ 7.45ಕ್ಕೆ ಮತ್ತು 8.45ಕ್ಕೆ ನಡೆಯುತ್ತದೆ. ನೀವು ಇಳಿಯುವ ರಾತ್ರಿ ಅದು ಮುಗಿದಿರುತ್ತದೆ, ಹೊರಡುವ ರಾತ್ರಿ ಅದು ಆರಂಭವಾಗುವ ವೇಳೆಗೆ ನೀವು ವಿಮಾನದಲ್ಲಿರುತ್ತೀರಿ. 8.6 ಮೀಟರ್ ಎತ್ತರದ ಮರ್ಲಯನ್ ಮೂರ್ತಿಯನ್ನು ನೋಡಲು ಬಿಸಿಲಿನಲ್ಲಿ ತಾಯಿಯವರನ್ನು ನಡೆಸುವುದೂ ನನಗೆ ಸರಿ ಕಾಣುವುದಿಲ್ಲ.

ಹಾಗಾದರೆ ಏನು ನೋಡಬೇಕು? ನೋಡುವವರು ಯಾರೆಂಬುದನ್ನು ಮೊದಲು ನೆನೆದರೆ ಉತ್ತರ ಸುಲಭ. ರಬ್ಬರ್ ಬೆಳೆಯುವ ತಂದೆ, ಹೂವು ಮೆಚ್ಚುವ ತಾಯಿ ಇಬ್ಬರಿಗೂ ಒಪ್ಪುವ ಜಾಗ ಸಿಂಗಪುರದ ಬೊಟಾನಿಕ್ ಗಾರ್ಡನ್ಸ್. 1859ರಲ್ಲಿ ಸ್ಥಾಪನೆಯಾದ ಈ ಸಸ್ಯೋದ್ಯಾನ 2015ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಪ್ರವೇಶ ಉಚಿತ, ಬೆಳಗಿನ ಐದು ಗಂಟೆಗೇ ಬಾಗಿಲು ತೆರೆಯುತ್ತದೆ. ಇಂದು ಪುತ್ತೂರು, ಸುಳ್ಯದ ತೋಟಗಳಲ್ಲಿ ಪ್ರತಿ ಬೆಳಿಗ್ಗೆ ನಡೆಯುವ ಟ್ಯಾಪಿಂಗ್‌ನ, ಅಂದರೆ ರಬ್ಬರ್ ಮರದ ತೊಗಟೆ ಕೆತ್ತಿ ಹಾಲು ತೆಗೆಯುವ ಕೆಲಸದ, ಇತಿಹಾಸ ಈ ಉದ್ಯಾನದ ಮೂಲಕವೇ ಹಾದುಬಂದಿದೆ. ಬ್ರೆಜಿಲ್ ಮೂಲದ ರಬ್ಬರ್ ಗಿಡದ ಸಸಿಗಳು ಲಂಡನ್ನಿನ ಕ್ಯೂ ಉದ್ಯಾನದಿಂದ 1877ರಲ್ಲಿ ಇಲ್ಲಿಗೆ ಬಂದವು. 1888ರಿಂದ 1911ರವರೆಗೆ ಇಲ್ಲಿ ಮುಖ್ಯಸ್ಥರಾಗಿದ್ದ ಹೆನ್ರಿ ರಿಡ್ಲಿ ಎಂಬ ಸಸ್ಯವಿಜ್ಞಾನಿ, ಮರದ ಜೀವಕ್ಕೆ ಪೆಟ್ಟಾಗದಂತೆ ತೊಗಟೆಯನ್ನು ಓರೆಯಾಗಿ, ತೆಳ್ಳಗೆ ಕೆತ್ತುತ್ತ, ಅದೇ ಮರದಿಂದ ಮತ್ತೆ ಮತ್ತೆ ಹಾಲು ತೆಗೆಯುವ ವಿಧಾನವನ್ನು ಪ್ರಯೋಗಗಳಿಂದ ರೂಪಿಸಿದರು. ಅದಕ್ಕೆ ಹಿಂದೆ ಕಾಡಿನ ಮರಗಳನ್ನು ಕೊಡಲಿಯಿಂದ ಕಚ್ಚು ಹಾಕಿ ಹಾಲಿಳಿಸುತ್ತಿದ್ದರು, ಮರಗಳು ಗಾಯಗೊಂಡು ಸೊರಗುತ್ತಿದ್ದವು. ರಬ್ಬರ್ ಬೆಳೆಯಿರೆಂದು ರಿಡ್ಲಿ ಮಲಯದ ತೋಟಗಾರರ ಬೆನ್ನು ಬಿದ್ದಾಗ ಅವರು ನಕ್ಕರು, ಹುಚ್ಚು ರಿಡ್ಲಿ ಎಂದು ಅಡ್ಡಹೆಸರಿಟ್ಟರು. ಮೋಟಾರು ವಾಹನಗಳ ಕಾಲ ಬಂದು ಟೈರಿಗೆ ಬೇಡಿಕೆ ಏರಿದಾಗ ಅದೇ ತೋಟಗಾರರು ರಬ್ಬರಿನಿಂದ ಶ್ರೀಮಂತರಾದರು. ತಮ್ಮ ಕೈಯ ಕಸುಬು ರೂಪುಗೊಂಡ ನೆಲದ ಮೇಲೆ ನಿಂತು ಈ ಕಥೆ ಕೇಳುವುದು ನಿಮ್ಮ ತಂದೆಯವರಿಗೆ ಯಾವ ಗೋಪುರವನ್ನು ಹತ್ತಿ ನೋಡುವುದಕ್ಕಿಂತಲೂ ಹೆಚ್ಚಿನದಾಗುತ್ತದೆ ಎಂದು ನನ್ನ ನಂಬಿಕೆ. ದಯವಿಟ್ಟು ಅವರನ್ನು ಆತುರಪಡಿಸಬೇಡಿ.

ತಾಯಿಯವರಿಗಾಗಿ ಉದ್ಯಾನದ ಒಳಗಿರುವ ರಾಷ್ಟ್ರೀಯ ಆರ್ಕಿಡ್ ತೋಟವಿದೆ. ಅದಕ್ಕೆ ಮಾತ್ರ ಟಿಕೆಟ್ ಬೇಕು, ಬೆಳಿಗ್ಗೆ ಎಂಟೂವರೆಗೆ ತೆರೆಯುತ್ತದೆ. ಸಾವಿರಕ್ಕೂ ಹೆಚ್ಚು ಜಾತಿಗಳು, ಎರಡು ಸಾವಿರದಷ್ಟು ಮಿಶ್ರತಳಿಗಳು ಅಲ್ಲಿ ಸೇರಿವೆ. ಆ ದೇಶದ ರಾಷ್ಟ್ರೀಯ ಹೂವಾದ ವಾಂಡಾ ಮಿಸ್ ಜೋಕಿಮ್ ಎಂಬ ಆರ್ಕಿಡ್, ಆಗ್ನೆಸ್ ಜೋಕಿಮ್ ಎಂಬ ಮಹಿಳೆ ತಮ್ಮ ಕೈತೋಟದಲ್ಲಿ ಬೆಳೆಸಿದ ಮಿಶ್ರತಳಿ, 1893ರಲ್ಲಿ ಅದನ್ನು ಉದ್ಯಾನಕ್ಕೆ ತೋರಿಸಿದವರೂ ಅವರೇ. ಮನೆಯಂಗಳದಲ್ಲಿ ಗಿಡ ಸಾಕುವ ಹೆಣ್ಣುಮಕ್ಕಳೆಲ್ಲ ಹೆಮ್ಮೆಪಡಬೇಕಾದ ವಿಷಯವಿದು. ಆದರೆ ಇಡೀ ಉದ್ಯಾನವನ್ನು ಸುತ್ತುವ ಹಂಬಲ ಬೇಡ. ಅದರ ವಿಸ್ತಾರ 82 ಹೆಕ್ಟೇರ್, ನಮ್ಮ 240 ಎಕರೆಯ ಲಾಲ್‌ಬಾಗಿಗಿಂತ ಸ್ವಲ್ಪವೇ ಚಿಕ್ಕದು. ಮೆಟ್ರೊ ನಿಲ್ದಾಣವಿರುವುದು ಉತ್ತರದ ತುದಿಯಲ್ಲಿ, ಆರ್ಕಿಡ್ ತೋಟವಿರುವುದು ನಡುಭಾಗದಲ್ಲಿ. ಮಂಡಿನೋವಿನ ತಾಯಿಯವರಿಗಾಗಿ ಬೆಳಗಿನ ಪ್ರಯಾಣವನ್ನು ಟ್ಯಾಕ್ಸಿಯಲ್ಲಿ ಮಾಡಿ, ನಾಸಿಮ್ ಗೇಟ್ ಎಂಬ ದ್ವಾರದಲ್ಲಿ ಇಳಿಯಿರಿ, ಅಲ್ಲಿಂದ ನಡೆಯಬೇಕಾದ ದೂರ ಕಡಿಮೆ. ಟ್ಯಾಕ್ಸಿಗಳು ಮೀಟರ್ ಹಾಕಿಯೇ ಓಡುತ್ತವೆ, ಚೌಕಾಸಿಯ ತೊಂದರೆಯಿಲ್ಲ.

ಬೆಳಿಗ್ಗೆ ಬೇಗ ಹೊರಡಲು ಹೇಳುತ್ತಿರುವುದಕ್ಕೆ ಕಾರಣಗಳಿವೆ. ಸಿಂಗಪುರ ಭೂಮಧ್ಯರೇಖೆಗೆ ಒಂದೂಕಾಲು ಡಿಗ್ರಿಯಷ್ಟೇ ದೂರದಲ್ಲಿರುವುದರಿಂದ ಅಲ್ಲಿ ವರ್ಷವಿಡೀ ಸೆಖೆ, ಮಧ್ಯಾಹ್ನದ ಮೇಲೆ ಗುಡುಗುಮಳೆ ಸಾಮಾನ್ಯ. ಕರಾವಳಿಯವರಾದ ನಿಮ್ಮ ತಂದೆ ತಾಯಿಗೆ ಅದು ಹೊಸದೇನಲ್ಲ, ಆದರೆ ಮೆಲ್ಬರ್ನ್‌ನ ತಂಪಿಗೆ ಒಗ್ಗಿದ ದೇಹ ಒಂದೇ ರಾತ್ರಿಯಲ್ಲಿ ಹಳೆಯ ರೂಢಿಗೆ ಮರಳುವುದಿಲ್ಲ. ಮತ್ತೊಂದು ಅನುಕೂಲವೂ ಇದೆ. ಸಿಂಗಪುರದ ಗಡಿಯಾರ ಮೆಲ್ಬರ್ನ್‌ಗಿಂತ, ಋತುವನ್ನು ನೋಡಿಕೊಂಡು, ಎರಡು ಅಥವಾ ಮೂರು ಗಂಟೆ ಹಿಂದಿರುವುದರಿಂದ, ಅಲ್ಲಿ ಐದು ಗಂಟೆಯಾಗುವಾಗ ಹಿರಿಯರಿಗೆ ತಾವಾಗಿಯೇ ಎಚ್ಚರವಾಗಿರುತ್ತದೆ. ಹಾಸಿಗೆಯಲ್ಲಿ ಹೊರಳಾಡುವ ಆ ಹೊತ್ತನ್ನು ಉದ್ಯಾನಕ್ಕೆ ಕೊಡಿ. ಏಳರ ಸುಮಾರಿಗೆ ಬೆಳಕು ಹರಿಯುವಾಗ ಅಲ್ಲಿರುವುದು ಚೆನ್ನ.

ಹತ್ತೂವರೆಯ ವೇಳೆಗೆ ಉದ್ಯಾನ ಬಿಟ್ಟು ಲಿಟ್ಲ್ ಇಂಡಿಯಾಕ್ಕೆ ಬನ್ನಿರಿ. ಕಾಲು ಒಪ್ಪಿದರೆ ಉತ್ತರದ ದ್ವಾರದವರೆಗೆ ನಡೆದು, ಡೌನ್‌ಟೌನ್ ಮಾರ್ಗದ ರೈಲಿನಲ್ಲಿ ಮೂರನೆಯ ನಿಲ್ದಾಣದಲ್ಲಿ ಇಳಿಯಬಹುದು. ಕಾಲು ಒಪ್ಪದಿದ್ದರೆ ಮತ್ತೆ ಟ್ಯಾಕ್ಸಿ. ಸೆರಂಗೂನ್ ರಸ್ತೆಯ ವೀರಮಾಕಾಳಿಯಮ್ಮನ್ ದೇವಾಲಯದ ದರ್ಶನವನ್ನು ಊಟಕ್ಕೆ ಮೊದಲೇ ಮುಗಿಸಿಕೊಳ್ಳಿ, ಏಕೆಂದರೆ ಅಲ್ಲಿನ ದೇವಾಲಯಗಳು ಮಧ್ಯಾಹ್ನ ಬಾಗಿಲು ಹಾಕಿ ಸಂಜೆಯೇ ತೆರೆಯುತ್ತವೆ. ಕ್ಯಾಂಪ್‌ಬೆಲ್ ಲೇನ್‌ನಲ್ಲಿ ಮಲ್ಲಿಗೆ ದಂಡೆ ಕಟ್ಟಿ ಮಾರುವವರಿದ್ದಾರೆ. ಅದೇ ಓಣಿಯಲ್ಲಿ 2015ರಲ್ಲಿ ತೆರೆದ ಭಾರತೀಯ ಪರಂಪರೆಯ ಸಂಗ್ರಹಾಲಯವಿದೆ, ಬಿಸಿಲೇರಿದ ಹೊತ್ತಿಗೆ ಹವಾನಿಯಂತ್ರಿತ ಕೊಠಡಿಗಳಲ್ಲಿ ಕುಳಿತು ನೋಡಬಹುದು. ಸಸ್ಯಾಹಾರದ ಊಟಕ್ಕೆ ಆ ರಸ್ತೆಯಲ್ಲಿ ಹೋಟೆಲುಗಳು ಸಾಲಾಗಿವೆ, 1947ರಿಂದ ನಡೆದುಬಂದಿರುವ ಕೋಮಲ ವಿಲಾಸ್ ಅವುಗಳಲ್ಲೊಂದು.

ಮರಳುವಾಗ ಲಿಟ್ಲ್ ಇಂಡಿಯಾದಲ್ಲಿ ಹತ್ತಿದ ಡೌನ್‌ಟೌನ್ ಮಾರ್ಗದ ರೈಲು ನೇರವಾಗಿ ಎಕ್ಸ್‌ಪೊ ನಿಲ್ದಾಣಕ್ಕೆ ಬರುತ್ತದೆ, ಅಲ್ಲಿ ಬದಲಿಸಿದರೆ ಮುಂದಿನದೇ ಚಾಂಗಿ ವಿಮಾನ ನಿಲ್ದಾಣ. ಸುತ್ತು ದಾರಿಯಾದ್ದರಿಂದ ಸುಮಾರು ಒಂದು ಗಂಟೆ ಹಿಡಿಯುತ್ತದೆಯಾದರೂ, ಮಧ್ಯಾಹ್ನ ಕುಳಿತುಕೊಳ್ಳಲು ಜಾಗ ಸಿಗುವ ಸಂಭವ ಹೆಚ್ಚು ಮತ್ತು ನಿಲ್ದಾಣಗಳಲ್ಲಿ ಲಿಫ್ಟ್ ಇದೆ. ಟಿಕೆಟ್ಟಿಗೆ ಬ್ಯಾಂಕಿನ ಕಾರ್ಡನ್ನೇ ಗೇಟಿಗೆ ತಾಗಿಸಬಹುದು, ಆದರೆ ಒಬ್ಬೊಬ್ಬರಿಗೆ ಒಂದೊಂದು ಕಾರ್ಡ್ ಬೇಕು. ರೈಲಿನೊಳಗೆ ತಿನ್ನುವುದಷ್ಟೇ ಅಲ್ಲ, ನೀರು ಕುಡಿಯುವುದೂ ನಿಷಿದ್ಧ, ದಂಡವಿದೆ. ಬಾಯಾರಿಕೆಯಾದರೆ ರೈಲು ಹತ್ತುವ ಮೊದಲೇ ಕುಡಿಸಿರಿ.

ಒಂದು ಮಾತನ್ನು ಒತ್ತಿ ಹೇಳಬೇಕು. ಬೆಂಗಳೂರಿಗೆ ಇಳಿದ ಮೇಲೂ ನಿಮ್ಮ ತಂದೆ ತಾಯಿಗೆ ಘಟ್ಟ ಇಳಿಯುವ ಪ್ರಯಾಣ ಬಾಕಿ ಇರುತ್ತದೆ. ಹೋಗುವ ಪ್ರಯಾಣದಲ್ಲಿ ಉತ್ಸಾಹವೇ ಆಯಾಸವನ್ನು ಮರೆಸುತ್ತದೆ. ಮರಳುವಾಗ ಮನಸ್ಸು ಆಗಲೇ ಮನೆ ಸೇರಿರುತ್ತದೆ, ಮೊಮ್ಮಗುವನ್ನು ಬಿಟ್ಟುಬಂದ ಭಾರವೂ ಇರುತ್ತದೆ. ಆದ್ದರಿಂದ ಒಂದು ಉದ್ಯಾನ, ಒಂದು ಬೀದಿ, ಒಂದು ಊಟ ಸಾಕು. ತಾಯಿಯವರು ಬೆಂಚಿನ ಮೇಲೆ ಅರ್ಧ ಗಂಟೆ ಸುಮ್ಮನೆ ಕೂರಬೇಕೆಂದರೆ ಕೂರಲಿ, ಅದಕ್ಕಾಗಿ ಏನನ್ನಾದರೂ ಬಿಡಬೇಕಾದರೆ ಸಂಗ್ರಹಾಲಯವನ್ನು ಬಿಡಿ.

ಪ್ರಶ್ನೆ: ಸ್ಯಾನ್ ಫ್ರಾನ್ಸಿಸ್ಕೊದಿಂದ ಇಬ್ಬರು ಚಿಕ್ಕ ಮಕ್ಕಳೊಡನೆ ಒಬ್ಬಳೇ ಬರುತ್ತಿದ್ದೇನೆ. ಚಾಂಗಿಯಲ್ಲಿ ಏಳು ಗಂಟೆ ಕಾಯಬೇಕು. ನಗರಕ್ಕೆ ಹೋಗಿಬರಬಹುದೇ?

ಉತ್ತರ: ಹೋಗಬೇಡಿ. ಹದಿನಾರು ಗಂಟೆಗೂ ಮೀರಿದ ಹಾರಾಟದಿಂದ ಇಳಿದ ಮಕ್ಕಳನ್ನು ಮತ್ತೆ ಸಾಲುಗಳಲ್ಲಿ ನಿಲ್ಲಿಸುವುದು ಅವರಿಗೂ ನಿಮಗೂ ಶಿಕ್ಷೆ. ಐದೂವರೆ ಗಂಟೆಯಿಂದ ಇಪ್ಪತ್ತನಾಲ್ಕು ಗಂಟೆಯೊಳಗಿನ ಬಿಡುವುಳ್ಳ ಪ್ರಯಾಣಿಕರಿಗಾಗಿ ನಿಲ್ದಾಣದವರೇ ಎರಡೂವರೆ ಗಂಟೆಯ ಉಚಿತ ನಗರ ಪ್ರವಾಸವನ್ನು ಏರ್ಪಡಿಸುತ್ತಾರೆ ಎಂಬುದು ನಿಜ. ವಲಸೆ ತಪಾಸಣೆ ದಾಟುವ ಮೊದಲೇ ಅದಕ್ಕೆ ಹೆಸರು ನೋಂದಾಯಿಸಬೇಕು, ಪ್ರವೇಶದ ಅರ್ಹತೆಯೂ ಇರಬೇಕು. ದೊಡ್ಡವರಿಗೆ ಅದು ಒಳ್ಳೆಯ ವ್ಯವಸ್ಥೆ. ನಿಮ್ಮ ಮಕ್ಕಳಿಗಾದರೋ ಮೂರನೆಯ ಟರ್ಮಿನಲ್‌ನ ಒಳಭಾಗದಲ್ಲಿರುವ ಚಿಟ್ಟೆಗಳ ತೋಟವೇ ಸಾಕು, ಅಲ್ಲಿ ಜೀವಂತ ಚಿಟ್ಟೆಗಳು ಭುಜದ ಮೇಲೆಯೇ ಬಂದು ಕೂರುತ್ತವೆ. 2019ರಲ್ಲಿ ತೆರೆದ ಜ್ಯುವೆಲ್ ಕಟ್ಟಡದ 40 ಮೀಟರ್ ಎತ್ತರದ ಜಲಪಾತದ ಹತ್ತಿರ ನಿಲ್ಲಬೇಕಾದರೆ ತಪಾಸಣೆ ದಾಟಿ ಹೊರಗೆ ಹೋಗಬೇಕು, ಆದರೆ ಎರಡನೆಯ ಮತ್ತು ಮೂರನೆಯ ಟರ್ಮಿನಲ್‌ಗಳ ನಡುವೆ ಓಡುವ ಪುಟ್ಟ ರೈಲು ಆ ಕಟ್ಟಡದ ಒಳಗಿನಿಂದಲೇ ಹಾದುಹೋಗುವುದರಿಂದ, ಕಿಟಕಿಯಿಂದ ಅದನ್ನು ನೋಡಬಹುದು. ಮಕ್ಕಳು ಕೇಳಿದಷ್ಟು ಸಲ ಹೋಗಿಬನ್ನಿ, ಅದಕ್ಕೆ ಹಣ ಕೊಡಬೇಕಾಗಿಲ್ಲ. ನಿದ್ದೆಗೆಂದು ಗಂಟೆಗಳ ಲೆಕ್ಕದಲ್ಲಿ ಕೊಠಡಿ ಕೊಡುವ ಹೋಟೆಲುಗಳು ಒಳಭಾಗದಲ್ಲಿಯೇ ಇವೆ. ಅವನ್ನು ಮುಂಚಿತವಾಗಿ ಕಾದಿರಿಸಿಕೊಳ್ಳಿರಿ.

ಪ್ರಶ್ನೆ: ದಾರಿಯಲ್ಲಿ ಎರಡು ದಿನ ಇಳಿದರೆ ಟಿಕೆಟ್ ದರ ಹೆಚ್ಚಾಗುವುದೇ? ದೊಡ್ಡ ಪೆಟ್ಟಿಗೆಗಳ ಗತಿಯೇನು?

ಉತ್ತರ: ಅಂತರರಾಷ್ಟ್ರೀಯ ಟಿಕೆಟ್‌ಗಳಲ್ಲಿ ಇಪ್ಪತ್ತನಾಲ್ಕು ಗಂಟೆಯೊಳಗಿನ ನಿಲುಗಡೆಯನ್ನು ವಿಮಾನ ಬದಲಾವಣೆ ಎಂದೂ, ಅದನ್ನು ಮೀರಿದ್ದನ್ನು ತಂಗುವಿಕೆ ಎಂದೂ ಪರಿಗಣಿಸುತ್ತಾರೆ. ಎರಡನೆಯದಕ್ಕೆ ಕೆಲವು ದರಗಳಲ್ಲಿ ಹೆಚ್ಚುವರಿ ಹಣವಿರುತ್ತದೆ, ಕೆಲವು ದರಗಳಲ್ಲಿ ಒಂದು ತಂಗುವಿಕೆಗೆ ಅವಕಾಶ ಸೇರಿಯೇ ಇರುತ್ತದೆ. ಕೊಳ್ಳುವಾಗಲೇ ಬಹುನಗರ ಪ್ರಯಾಣವೆಂದು ಹುಡುಕಿ ಎರಡೂ ದರಗಳನ್ನು ಹೋಲಿಸಿ ನೋಡಿರಿ. ಒಂದೇ ಟಿಕೆಟ್ಟಿನಲ್ಲಿ ಇಪ್ಪತ್ತನಾಲ್ಕು ಗಂಟೆಯೊಳಗಿನ ನಿಲುಗಡೆಯಾದರೆ ಪೆಟ್ಟಿಗೆಗಳು ಸಾಮಾನ್ಯವಾಗಿ ನೇರ ಬೆಂಗಳೂರಿಗೇ ಹೋಗುತ್ತವೆ. ಹೊರಡುವಲ್ಲಿ ಕೊಡುವ ಚೀಟಿಯ ಮೇಲೆ ಬೆಂಗಳೂರಿನ ಸಂಕೇತವಿದೆಯೇ ಎಂದು ಕಣ್ಣಾರೆ ನೋಡಿಕೊಳ್ಳಿ. ಎರಡು ದಿನ ತಂಗುವವರಿಗೆ ಪೆಟ್ಟಿಗೆ ಸಿಂಗಪುರದಲ್ಲಿಯೇ ಕೈಗೆ ಬರುತ್ತದೆ, ಭಾರವಾದವನ್ನು ನಿಲ್ದಾಣದ ಸಾಮಾನು ಕೊಠಡಿಯಲ್ಲಿ ಬಾಡಿಗೆ ಕೊಟ್ಟು ಇರಿಸಬಹುದು. ಇನ್ನೊಂದು ವಿಷಯವನ್ನು ಗಮನಿಸಿ: ಹೊರಟ ನಿಲ್ದಾಣದ ಸುಂಕರಹಿತ ಅಂಗಡಿಯಲ್ಲಿ ಕೊಂಡ ಸುಗಂಧದ್ರವ್ಯ ಅಥವಾ ಬೇರೆ ದ್ರವವನ್ನು ಕೈಚೀಲದಲ್ಲಿಟ್ಟು ನಗರ ಸುತ್ತಿ ಮರಳಿದರೆ, ಒಳಗೆ ಹೋಗುವಾಗ 100 ಮಿಲಿಲೀಟರಿನ ಮಿತಿ ಮತ್ತೆ ಅನ್ವಯವಾಗುತ್ತದೆ. ಅಂಥದ್ದನ್ನು ಸಿಂಗಪುರದಿಂದ ಹೊರಡುವಾಗಲೇ ಕೊಳ್ಳಿರಿ.

ಪ್ರಶ್ನೆ: ನಮ್ಮ ತಾಯಿ ಆಕ್ಲೆಂಡ್‌ನಿಂದ ಧಾರವಾಡಕ್ಕೆ ಮರಳುತ್ತಿದ್ದಾರೆ, ಒಂದು ದಿನ ಸಿಂಗಪುರದಲ್ಲಿ ತಂಗುತ್ತಾರೆ. ಸಕ್ಕರೆ ಕಾಯಿಲೆಯ ಗುಳಿಗೆ, ನಿದ್ದೆಯ ಗುಳಿಗೆ ಎರಡೂ ಇವೆ. ಎಲೆ ಅಡಿಕೆಯ ಜೊತೆ ತಂಬಾಕು ಹಾಕಿಕೊಳ್ಳುವ ರೂಢಿಯಿದೆ. ತೊಂದರೆಯಾದೀತೇ?

ಉತ್ತರ: ಸಕ್ಕರೆ ಕಾಯಿಲೆ, ರಕ್ತದೊತ್ತಡದಂತಹ ನಿತ್ಯದ ಔಷಧಗಳನ್ನು ಸ್ವಂತ ಬಳಕೆಗೆ ಮೂರು ತಿಂಗಳಿಗಾಗುವಷ್ಟು ಒಯ್ಯಲು ಅಡ್ಡಿಯಿಲ್ಲ. ಅವನ್ನು ಮೂಲ ಪೊಟ್ಟಣದಲ್ಲಿಯೇ, ವೈದ್ಯರ ಚೀಟಿಯೊಡನೆ, ಕೈಚೀಲದಲ್ಲಿ ಇಡಿರಿ. ನಿದ್ದೆ ಮತ್ತು ಆತಂಕದ ಕೆಲವು ಗುಳಿಗೆಗಳಿಗೆ, ಕೋಡೀನ್ ಇರುವ ಕೆಮ್ಮಿನ ಔಷಧಕ್ಕೆ, ಪ್ರಮಾಣವನ್ನು ನೋಡಿ ಅಲ್ಲಿನ ಆರೋಗ್ಯ ವಿಜ್ಞಾನ ಪ್ರಾಧಿಕಾರದ ಪೂರ್ವಾನುಮತಿ ಬೇಕಾಗುತ್ತದೆ. ಗುಳಿಗೆಯಲ್ಲಿರುವ ಔಷಧದ ಹೆಸರನ್ನು ಆ ಪ್ರಾಧಿಕಾರದ ಪಟ್ಟಿಯಲ್ಲಿ ಹುಡುಕಿ, ಅಗತ್ಯವಿದ್ದರೆ ವಾರಗಳ ಮೊದಲೇ ಅರ್ಜಿ ಹಾಕಿರಿ. ತಂಬಾಕಿನ ವಿಷಯದಲ್ಲಿ ಮಾತ್ರ ರಿಯಾಯಿತಿ ಇಲ್ಲ. ಜಗಿಯುವ ತಂಬಾಕು, ಗುಟ್ಕಾ ಎರಡನ್ನೂ ಸಿಂಗಪುರ ನಿಷೇಧಿಸಿದೆ, ಚಿಟಿಕೆಯಷ್ಟಿದ್ದರೂ ತಾಯಿಯವರ ಸಂಚಿಯಲ್ಲಿ ಉಳಿಯಬಾರದು. ಇದನ್ನು ಹೊರಡುವ ದಿನ ಅವಸರದಲ್ಲಿ ಹೇಳಿದರೆ ಅವರಿಗೆ ಬೇಸರವಾದೀತು, ಒಂದು ವಾರ ಮೊದಲೇ ಸಮಾಧಾನದಿಂದ ತಿಳಿಸಿರಿ. ಪಾಯಸಕ್ಕೆಂದು ಮನೆಯಲ್ಲಿ ಉಳಿದ ಗಸಗಸೆಯನ್ನು ಪೊಟ್ಟಣ ಕಟ್ಟಿ ಕೊಡುವ ಯೋಚನೆಯಿದ್ದರೆ ಅದನ್ನೂ ಬಿಡಿ. ಅಫೀಮಿನ ಅಂಶ ಇರಬಹುದೆಂಬ ಕಾರಣಕ್ಕೆ ಅದೂ ಅಲ್ಲಿ ನಿಷೇಧಿತ ವಸ್ತುಗಳಲ್ಲಿ ಸೇರಿದೆ.